ಹೋಲ್ಡಾನ್ ಅಂದರೆ ನಿಂತುಹೋಯಿತು ಅಂತಲೇ?

ಮೂರು ಸಲ ಫೋನಿಗೆ ಕಿವಿ ಕೊಟ್ಟರು. ಮೂರು ಸಲವೂ ಒಂದು ಮಾತೂ ಆಡದೆ ಕೆಳಗಿಟ್ಟುಬಿಟ್ಟರು.

ಪಾಂಡವಪುರ ಬಸ್ ಸ್ಟ್ಯಾಂಡ್ ಎದುರಿನ ಎಸ್‌ಟಿಡಿ ಬೂತಿನಲ್ಲಿ ಒಂದೂವರೆ ತಿಂಗಳ ಹಿಂದೆ ನಾನು ಕಂಡದ್ದಿದು. ಗಾಜಿನ ಬಾಗಿಲಿನೊಳಗೆ ಐವತ್ತರ ಆಸುಪಾಸಿನ ಹೆಂಗಸು. ಹೊರಗೆ ನಾನು. ಶನಿವಾರದ ಅರ್ಧ ದಿನದ ಸ್ಕೂಲು ಮುಗಿಸಿ, ಶ್ರೀರಂಗಪಟ್ಟಣದ ಬಸ್ಸು ಬರುವುದರೊಳಗೆ ಗಂಜಾಮಿನ ನಮ್ಮ ಮನೆಗೆ ಒಂದು ಫೋನ್ ಮಾಡೋಣ ಅಂತ ನಿಂತಿದ್ದೆ. ನಿಜ ಹೇಳಬೇಕೆಂದರೆ ಸಿಡಿಮಿಡಿಯೂ ಆಗಿತ್ತು. ಮಾತಾಡುವುದಿಲ್ಲ ಅಂದಮೇಲೆ ಫೋನ್ ಯಾಕೆ ಮಾಡಬೇಕು? ಬೂತಿನವನು ಪ್ರತಿ ಸಲವೂ ನಂಬರ್ ಒತ್ತಿ ರಿಸೀವರ್ ಕೈಗೆ ಕೊಟ್ಟು, ಜೆರಾಕ್ಸ್ ಗಿರಾಕಿಗಳ ಕಡೆ ಓಡುತ್ತಿದ್ದ.

ಮೂರನೇ ಸಲ ಇಟ್ಟಮೇಲೆ ಆಕೆ ಹೊರಗೆ ಬಂದು ಬೆಂಚಿನ ಮೇಲೆ ಕೂತರು. ಅಳಲಿಲ್ಲ. ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡು ರಸ್ತೆ ನೋಡುತ್ತಾ ಕೂತರು, ಅಷ್ಟೇ. ಕೈಯಲ್ಲಿ ನಂಬರ್ ಬರೆದ ಚೀಟಿ ಬೆವರಿಗೆ ಮೆತ್ತಗಾಗಿತ್ತು.

ನಾನು ಒಳಗೆ ಹೋಗಿ ರಿಸೀವರ್ ಎತ್ತಿದೆ. ನಂಬರ್ ಒತ್ತಲಾಗಲಿಲ್ಲ. (ಆ ಮುಖ ನೋಡಿದ್ದರೆ ನಿಮಗೂ ಆಗುತ್ತಿರಲಿಲ್ಲ.) ಹೊರಗೆ ಬಂದು ಪಕ್ಕದಲ್ಲಿ ಕೂತು, ಏನಾಯಿತಮ್ಮ ಅಂತ ಕೇಳಿದೆ.

ಹೆಸರು ಜಯಮ್ಮ. ಹೊಸಹೊಳಲು ಹತ್ತಿರದ ಹಳ್ಳಿ. ಮನೆಯಲ್ಲಿ ನಾಲ್ಕು ಹಸು, ಡೇರಿಗೆ ಹಾಲು. ಇರುವ ಒಬ್ಬಳೇ ಮಗಳು ಸವಿತಾಳನ್ನು ನಾಗಮಂಗಲಕ್ಕೆ ಕೊಟ್ಟಿದ್ದಾರೆ. ಅವಳ ಮೊದಲ ಬಸಿರು ಏಳು ತಿಂಗಳಿಗೇ ಹೋಗಿತ್ತು. ಈಗ ಎರಡನೆಯದು, ಎಂಟರಲ್ಲಿ. ಅವತ್ತು ಬೆಳಿಗ್ಗೆ ಇದ್ದಕ್ಕಿದ್ದ ಹಾಗೆ ರಕ್ತ ಹೋಗಲು ಶುರುವಾಯಿತಂತೆ. ಅಳಿಯ ಕಾರು ಮಾಡಿಕೊಂಡು ಮೈಸೂರಿನ ಆಸ್ಪತ್ರೆಗೆ ಸೇರಿಸಿ, ಡೇರಿ ಸೆಕ್ರೆಟರಿ ಮನೆಗೆ ಫೋನ್ ಮಾಡಿ ಸುದ್ದಿ ಹೇಳಿ, ಆಸ್ಪತ್ರೆಯ ನಂಬರ್ ಕೊಟ್ಟಿದ್ದ. ಜಯಮ್ಮ ಉಟ್ಟ ಸೀರೆಯಲ್ಲೇ ಬಸ್ಸು ಹತ್ತಿದ್ದರು. ಪಾಂಡವಪುರದಲ್ಲಿ ಇಳಿದು ಮೈಸೂರು ಬಸ್ಸಿಗೆ ಕಾಯುವಾಗ, ಬೂತು ಕಂಡು ಒಳಗೆ ಹೋಗಿದ್ದರು.

ಆಸ್ಪತ್ರೆಯವರು ಏನಂದರು ಅಂತ ಕೇಳಿದೆ.

‘ಎತ್ತುತ್ಲೇ ಓಲ್ಡಾನ್ ಅಂದ್ರು ಕಣವ್ವ. ಮೂರ್ ಸಲವೂ ಅದೇ ಅಂದ್ರು. ಬಸ್ಸಲ್ಲಿ ಓಲ್ಡಾನ್ ಅಂದ್ರೆ ನಿಂತ್ಕತದಲ್ವಾ? ಅಂಗಂದ್ರೆ ನನ್ ಮಗಳ ಉಸ್ರು...’

ಸೆರಗು ಮತ್ತೆ ಬಾಯಿಗೆ ಹೋಯಿತು.

ನಗಬೇಡಿ. ನಮ್ಮ ಕಡೆಯ ಬಸ್ಸುಗಳಲ್ಲಿ ಹುಟ್ಟಿದಾಗಿನಿಂದ ಕೇಳುವ ಇಂಗ್ಲಿಷು ಎರಡೇ. ರೈಟ್ ಅಂದರೆ ಹೊರಡು, ಹೋಲ್ಡಾನ್ ಅಂದರೆ ನಿಲ್ಲು. ಯಾವ ಮೇಷ್ಟರೂ ಕಲಿಸದೆ ಊರಿಗೆ ಊರೇ ಕಲಿತ ಪಾಠ ಅದು. ಫೋನಿನಲ್ಲಿ ಅದೇ ಮಾತಿಗೆ ತದ್ವಿರುದ್ಧ ಅರ್ಥ: ಬಿಡಬೇಡಿ, ಹಿಡಿದುಕೊಂಡೇ ಇರಿ. ಇದನ್ನು ಜಯಮ್ಮನಿಗೆ ಯಾರು ಯಾವಾಗ ಹೇಳಿದ್ದರು? ತಾಲ್ಲೂಕು ಆಫೀಸಿನಲ್ಲಿ ಫೈಲು ಹೋಲ್ಡ್ ಆಗಿದೆ ಅಂದರೆ ಕೆಲಸ ನಿಂತಿದೆ ಅಂತ. ಊರಿನಲ್ಲಿ ಒಬ್ಬರಿಗೆ ಒಳ್ಳೇ ಹೋಲ್ಡ್ ಇದೆ ಅಂದರೆ ಅವರು ಹೇಳಿದರೆ ಕೆಲಸ ಆಗುತ್ತದೆ ಅಂತ. ಇಂಗ್ಲಿಷ್ ಟೀಚರ್ ಆದ ನಾನೇ ತಡವರಿಸುವ ಪದ ಇದು. ಹೆದರಿದ ತಾಯಿ ತನಗೆ ಗೊತ್ತಿದ್ದ ಅರ್ಥ ಹಿಡಿದರೆ ತಪ್ಪು ಯಾರದು?

ಆಕೆಗೆ ಬಿಡಿಸಿ ಹೇಳಿದೆ. ಯಾರಿಗೋ ಏನೋ ಆಗಿದೆ ಅಂತ ಅವರು ಹೇಳಿಲ್ಲ, ನಿಮ್ಮವರನ್ನು ಕರೆಯುವವರೆಗೂ ಫೋನ್ ಇಡಬೇಡಿ ಅಂದಿದ್ದಾರೆ, ಅಷ್ಟೇ. ಜಯಮ್ಮ ನನ್ನ ಮುಖವನ್ನೇ ನೋಡಿದರು. ಸಮಾಧಾನಕ್ಕೆ ಸುಳ್ಳು ಹೇಳುತ್ತಿದ್ದೇನೆ ಅಂದುಕೊಂಡಿರಬೇಕು.

ಇಬ್ಬರೂ ಒಳಗೆ ಹೋದೆವು. ನಾನೇ ನಂಬರ್ ಒತ್ತಿದೆ, ಸವಿತಾಳ ಹೆಸರು ಹೇಳಿದೆ. ‘ಹೋಲ್ಡಾನ್ ಮಾಡಿ’ ಅಂತು ಆ ಕಡೆಯ ದನಿ. ರಿಸೀವರನ್ನು ಜಯಮ್ಮನ ಕೈಗೆ ಕೊಟ್ಟೆ. ಎರಡೂ ಕೈಯಲ್ಲಿ ಹಿಡಿದರು. ಹಾಲಿನ ಕ್ಯಾನು ಎತ್ತಿ ಎತ್ತಿ ಗಟ್ಟಿಯಾದ ಕೈಗಳು. ಎಷ್ಟು ಹೊತ್ತು ಹೋಯಿತೋ. ಹೊರಗೆ ಜನ ಸೇರಿದರು. ಬೂತಿನವನು ಬಾಗಿಲು ತೆಗೆದು ಏನೋ ಹೇಳಲು ಬಂದವನು ಆಕೆಯನ್ನು ನೋಡಿ, ಸದ್ದಿಲ್ಲದೆ ಬಾಗಿಲು ಹಾಕಿಕೊಂಡು ಹೋದ.

ಕೊನೆಗೆ ಆ ಕಡೆ ಅಳಿಯನ ದನಿ ಬಂತು. ಜಯಮ್ಮ ಮಗು ಏನು ಅಂತ ಕೇಳಲಿಲ್ಲ.

‘ಸವಿತಾ ಅವ್ಳಾ?’

‘ಅವ್ಳೆ ಅತ್ತೆ, ಚೆನ್ನಾಗವ್ಳೆ’ ಅಂದದ್ದು ನನಗೂ ಕೇಳಿಸಿತು. ಜಯಮ್ಮ ರಿಸೀವರ್ ಬಿಡದೆ ಹಾಗೇ ಬೂತಿನ ನೆಲದ ಮೇಲೆ ಕುಸಿದು ಕೂತರು. ಆಗ ಅತ್ತರು. ಆಪರೇಷನ್ ಮಾಡಿ ಮಗು ತೆಗೆದಿದ್ದರು. ಹೆಣ್ಣು. ತೀರಾ ಸಣ್ಣದು, ಗಾಜಿನ ಪೆಟ್ಟಿಗೆಯಲ್ಲಿಟ್ಟಿದ್ದಾರೆ, ಮೂರು ದಿನ ಏನೂ ಹೇಳುವ ಹಾಗಿಲ್ಲ ಅಂದಿದ್ದರಂತೆ ಡಾಕ್ಟರು.

ಮೈಸೂರಿನ ಬಸ್ಸು ಬಂತು. ನಾನು ಶ್ರೀರಂಗಪಟ್ಟಣದವರೆಗೆ, ಆಕೆ ಮುಂದಕ್ಕೆ. ಒಂದೇ ಸೀಟಿನಲ್ಲಿ ಕೂತೆವು. ಜಯಮ್ಮ ನನ್ನ ಮಣಿಕಟ್ಟು ಹಿಡಿದುಕೊಂಡರು. ಹಿಡಿದದ್ದು ಅವರಿಗೇ ಗೊತ್ತಿತ್ತೋ ಇಲ್ಲವೋ. ದಾರಿಯಲ್ಲಿ ಮಕ್ಕಳೆಷ್ಟು ಅಂತ ಕೇಳಿದರು. ಇಲ್ಲ ಅಂದೆ. ಇಂಥ ಹೊತ್ತಿನಲ್ಲಿ ಜನ ಯಾವ ಡಾಕ್ಟರು, ಯಾವ ಹರಕೆ ಅಂತ ಶುರು ಮಾಡುತ್ತಾರೆ. (ಹದಿನಾಲ್ಕು ವರ್ಷದಿಂದ ಕೇಳಿದ್ದೇನೆ, ಪಟ್ಟಿ ಬಾಯಿಪಾಠ.) ಜಯಮ್ಮ ಕೈಯನ್ನು ಮಾತ್ರ ಇನ್ನಷ್ಟು ಬಿಗಿಯಾಗಿ ಹಿಡಿದರು.

ಶ್ರೀರಂಗಪಟ್ಟಣ ಬಂತು. ಆಕೆ ಕೈ ಸಡಿಲಿಸಿ, ‘ಇಳ್ಕಳಿ ಮೇಡಮ್ಮಾರೆ, ನಾನ್ ಓಯ್ತೀನಿ’ ಅಂದರು. ನಾನು ಇಳಿಯಲಿಲ್ಲ. ಕಂಡಕ್ಟರನ್ನು ಕರೆದು ಮೈಸೂರಿಗೆ ಇನ್ನೊಂದು ಟಿಕೆಟ್ ತೆಗೆದುಕೊಂಡೆ. ಯಾಕೆ ಅಂತ ಮನೆಯವರು ಆಮೇಲೆ ಕೇಳಿದರು. ಹಾಗೆ ಹಿಡಿದ ಕೈಯನ್ನು ಅರ್ಧ ದಾರಿಯಲ್ಲಿ ಬಿಟ್ಟು ಇಳಿಯುವುದಾದರೂ ಹೇಗೆ?

ಆಸ್ಪತ್ರೆಯಲ್ಲಿ ಸವಿತಾ ಬಿಳಿಚಿಕೊಂಡು ಮಲಗಿದ್ದಳು. ಅವ್ವನನ್ನು ಕಂಡು ತುಟಿ ಅಲುಗಿಸಿದಳು. ಜಯಮ್ಮ ಅವಳ ಹಣೆ ಮುಟ್ಟಿದರು, ಕೆನ್ನೆ ಮುಟ್ಟಿದರು, ಹೊದಿಕೆಯೊಳಗೆ ಕೈ ಹಾಕಿ ಪಾದಗಳನ್ನೂ ಮುಟ್ಟಿ ನೋಡಿದರು. ಆಮೇಲೆಯೇ ಮೊಮ್ಮಗಳನ್ನು ನೋಡಲು ಹೋದದ್ದು. ಗಾಜಿನಾಚೆ ಬೆರಳಷ್ಟು ದಪ್ಪದ ಕಾಲುಗಳನ್ನು ಒದ್ದಾಡಿಸುತ್ತಾ ಒಂದು ಜೀವ. ‘ಒದೀತಾವ್ಳೆ’ ಅಂದರು ಜಯಮ್ಮ. ಸಾಯಂಕಾಲದ ಬಸ್ಸಿಗೆ ನಾನು ವಾಪಸು ಬಂದೆ.

ಸೋಮವಾರ ಎಂಟನೇ ಕ್ಲಾಸಿಗೆ ಹೋದವಳು ಒಂದು ಹುಡುಗಿಯ ನೋಟ್‌ಬುಕ್ ಕೇಳಿ ತೆಗೆಸಿದೆ. ಹಿಂದಿನ ತಿಂಗಳ ಟೆಸ್ಟಿನಲ್ಲಿ ಹೋಲ್ಡ್ ಆನ್ ಎಂಬುದರ ಅರ್ಥಕ್ಕೆ ‘ಬಸ್ಸು ನಿಲ್ಲಿಸಿ’ ಅಂತ ಬರೆದಿದ್ದಳು. ನಾನು ಕೆಂಪು ಇಂಕಿನಲ್ಲಿ ತಪ್ಪು ಹಾಕಿ, ಕ್ಲಾಸಿಗೆಲ್ಲ ಓದಿ ಹೇಳಿ ನಗಿಸಿದ್ದೆ. ಅವತ್ತು ಅದನ್ನು ಹೊಡೆದು ಸರಿ ಅಂತ ಹಾಕಿ, ಎಲ್ಲರೆದುರು ಅವಳಿಗೆ ಸಾರಿ ಹೇಳಿದೆ. ಹುಡುಗಿಗೆ ಗಾಬರಿಯೇ ಆಯಿತು.

ಹೋದ ಭಾನುವಾರ ಜಯಮ್ಮನ ಊರಿಗೆ ಹೋಗಿದ್ದೆ. ಮಗಳು ಬಾಣಂತನಕ್ಕೆ ಬಂದಿದ್ದಾಳೆ, ನೀವು ಬರಲೇಬೇಕು ಅಂತ ಡೇರಿ ಸೆಕ್ರೆಟರಿ ಕೈಯಲ್ಲಿ ಕಾಗದ ಬರೆಸಿದ್ದರು. ಮನೆ ತುಂಬಾ ಸಾಂಬ್ರಾಣಿ ಹೊಗೆ. ಸವಿತಾಳ ಮುಖದಲ್ಲಿ ರಕ್ತ ತುಂಬಿದೆ. ಮಗು ಇನ್ನೂ ಸಣ್ಣದೇ, ಆದರೆ ದನಿಗೆ ಮಾತ್ರ ಯಾವ ಕೊರತೆಯೂ ಇಲ್ಲ.

ನಾನು ದೂರದಿಂದಲೇ ನೋಡಿ, ಬೆಳ್ಳಿ ಕಾಲ್ಗಡಗ ಕೊಟ್ಟು ಸುಮ್ಮನೆ ಕೂತೆ. ಮಕ್ಕಳಿಲ್ಲದವಳು ಬೇರೆಯವರ ಹಸುಗೂಸಿಗೆ ತಾನಾಗಿ ಕೈ ಚಾಚಬಾರದು ಅನ್ನುವುದನ್ನು ಎಷ್ಟೋ ತೊಟ್ಟಿಲ ಶಾಸ್ತ್ರಗಳಲ್ಲಿ ಕಲಿತಿದ್ದೇನೆ. ಜಯಮ್ಮ ಮಗುವನ್ನು ಎತ್ತಿ ತಂದು ಸೀದಾ ನನ್ನ ಮಡಿಲಿಗೆ ಹಾಕಿದರು. ಪಕ್ಕದ ಮನೆಯ ಅಜ್ಜಿಯೊಬ್ಬರು ಜಯಮ್ಮನ ಕಡೆ ಒಂದು ಥರ ನೋಡಿದರು. ಜಯಮ್ಮನೂ ತಿರುಗಿ ನೋಡಿದರು. ಅಜ್ಜಿ ಕಣ್ಣು ತಗ್ಗಿಸಿದರು.

ನಾನೋ, ಕೊರಡಿನ ಹಾಗೆ ಕೂತಿದ್ದೆ. ಎಲ್ಲಿ ಜಾರಿಬಿಡುತ್ತದೋ ಅಂತ ಉಸಿರು ಬಿಗಿ ಹಿಡಿದಿದ್ದೆ.

‘ಯಾಕಿಂಗ್ ಎದ್ರುಕತೀರಿ?’ ಅಂದರು ಜಯಮ್ಮ, ನನ್ನ ಅಂಗೈ ತೆಗೆದು ಮಗುವಿನ ಕತ್ತಿನ ಕೆಳಗಿಡುತ್ತಾ. ‘ಇಲ್ಲಿ ಕೈ ಕೊಡಿ, ಸಾಕು. ಮಿಕ್ಕಿದ್ದ ಅವ್ಳೇ ನೋಡ್ಕತಾಳೆ.’

ನಿಘಂಟಿನಲ್ಲಿ ‘ಹೋಲ್ಡ್’ ಎಂಬ ಪದಕ್ಕೆ ಕಾಲಂಗಟ್ಟಲೆ ಅರ್ಥ ಕೊಟ್ಟ ಪಂಡಿತರಲ್ಲಿ ಒಬ್ಬರಿಗಾದರೂ, ಕೈ ಎಲ್ಲಿ ಇಡಬೇಕು ಅಂತ ಬರೆಯಲು ಹೊಳೆಯಲಿಲ್ಲವೇ?