ಕಾಟ್ಲಾ ಮೀನಿನ ಮೂರನೆಯ ಗೆರೆ

ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದ ಮೊದಲನೆಯವನು ನಾನು. ಕೆರೆಯ ಕೆಳಗಿನ ಒಂದು ತುಂಡು ಜಮೀನಿನಲ್ಲಿ ಅಪ್ಪ ಅಮ್ಮ ಟೊಮೆಟೊ ಬೆಳೆದು ನನ್ನನ್ನು ಎಂ.ಎಸ್ಸಿ.ವರೆಗೂ ಓದಿಸಿದರು. ಇದನ್ನು ಯಾರ ಮುಂದೆ ಬೇಕಾದರೂ ಹೆಮ್ಮೆಯಿಂದ ಹೇಳುತ್ತೇನೆ. ಆ ಓದನ್ನು ಹಿಡಿದುಕೊಂಡು ನಮ್ಮೂರಲ್ಲೇ ನಾನು ಮಾಡಿದ ಒಂದು ತಪ್ಪನ್ನು ಮಾತ್ರ ಎರಡು ವರ್ಷ ಯಾರಿಗೂ ಹೇಳಿರಲಿಲ್ಲ.

ನನ್ನ ಪ್ರಬಂಧ ಕೆರೆ ಮೀನುಗಳ ವಯಸ್ಸಿನ ಮೇಲೆ. ಮೀನಿನ ತಲೆಬುರುಡೆಯೊಳಗೆ, ಕಿವಿಯ ಜಾಗದಲ್ಲಿ, ಕಲ್ಲಿನಂಥ ಪುಟ್ಟ ಮೂಳೆಗಳಿರುತ್ತವೆ. ಈ ಕಿವಿಗಲ್ಲನ್ನು ತೆಗೆದು ತೊಳೆದು, ಗಾಜಿಗೆ ಅಂಟಿಸಿ, ತೆಳ್ಳಗಾಗುವವರೆಗೆ ತೇಯ್ದು ಮೈಕ್ರೋಸ್ಕೋಪಿನ ಕೆಳಗಿಟ್ಟರೆ ಮರದ ಕೊರಡಿನಲ್ಲಿರುವಂತೆ ಸುತ್ತುಗೆರೆಗಳು ಕಾಣುತ್ತವೆ. ಬೇಸಿಗೆಯಲ್ಲಿ ನೀರಿಳಿದು ಮೇವು ಕಡಿಮೆಯಾದಾಗ ಬೆಳವಣಿಗೆ ನಿಧಾನವಾಗಿ ಒಂದು ಕಪ್ಪು ಗೆರೆ ಬೀಳುತ್ತದೆ. ಎಷ್ಟು ಗೆರೆಯೋ ಅಷ್ಟು ವರ್ಷ.

ಮೀನಿನ ತಲೆಗಳನ್ನು ನನಗೆ ಕೊಡುತ್ತಿದ್ದವರು ನಮ್ಮೂರ ಕೆರೆಯಲ್ಲಿ ಮೀನು ಸಾಕುತ್ತಿದ್ದ ಅಣ್ಣ. ನೆಂಟಸ್ತಿಕೆಯೇನಿಲ್ಲ, ವಯಸ್ಸಿಗೆ ಅಣ್ಣ. ಶ್ರೀನಿವಾಸಪುರದ ಕಡೆಯವರು, ಮನೆಮಾತು ತೆಲುಗು. ಮುಳಬಾಗಿಲಿನ ಸಂತೆಯಲ್ಲಿ ಕಾಟ್ಲಾ ತಲೆ ಸಾರಿಗೆ ಬೇಕೆಂದು ಗಿರಾಕಿಗಳು ಜಗಳಕ್ಕೇ ನಿಲ್ಲುತ್ತಾರೆ. ಅಂಥದ್ದರಲ್ಲಿ ನನಗೆಂದು ನಾಲ್ಕೈದು ತಲೆ ಎತ್ತಿಡುತ್ತಿದ್ದರು. ಒಂದು ವರ್ಷ ಕೊಟ್ಟರು, ಒಂದು ರೂಪಾಯಿ ಮುಟ್ಟಲಿಲ್ಲ. "ನಾನಂತೂ ಕಾಲೇಜ್ ಮುಖ ನೋಡ್ಲಿಲ್ಲ, ನನ್ ಮೀನಿನ ತಲೆಯಾದ್ರೂ ಹೋಗ್ಲಿ ಬಿಡು" ಎನ್ನುತ್ತಿದ್ದರು.

ಆ ವರ್ಷ ಮಳೆ ಜೋರಾಗಿ ಪಕ್ಕದ ಊರಿನ ಮೇಲಿನ ಕೆರೆ ಕೋಡಿ ಹರಿಯಿತು. ನೀರು ಬಂದು ಸೇರುವುದು ನಮ್ಮ ಕೆರೆಗೆ. ಅಣ್ಣ ಬಲೆ ಹಾಕಿದಾಗ ದಪ್ಪದಪ್ಪ ಕಾಟ್ಲಾ ಬಿದ್ದವು. ಮೇಲಿನ ಊರವರು, ಇವು ನಮ್ಮ ಮೀನು, ಕೋಡಿಯಲ್ಲಿ ಇಳಿದು ಬಂದಿವೆ ಎಂದು ಬಂದರು. ನಮ್ಮ ಕಡೆ ಮರಿ ಬಿಟ್ಟವನದೇ ಮೀನು. ಅಣ್ಣ ಮರಿ ಬಿಟ್ಟಿದ್ದು ಎರಡು ವರ್ಷದ ಹಿಂದಿನ ಮಳೆಗಾಲದಲ್ಲಿ. ಅದಕ್ಕೂ ಮುಂಚೆ ಕೆರೆ ಒಣಗಿತ್ತು. ಹಾಗಾಗಿ ಮೀನಿಗೆ ಎರಡು ವರ್ಷವಾಗಿದ್ದರೆ ಅಣ್ಣನದು, ಹೆಚ್ಚಾಗಿದ್ದರೆ ಅವರದು.

ಎರಡೂ ಊರಿನ ಹಿರಿಯರು ಅರಳಿಕಟ್ಟೆಯಲ್ಲಿ ಸೇರಿದಾಗ ಅಪ್ಪನೇ ಎದ್ದು, ನಮ್ಮ ಹುಡುಗ ಇದನ್ನೇ ಓದುತ್ತಿದ್ದಾನೆ, ಅವನು ಹೇಳಲಿ ಎಂದರು. ಎಲ್ಲರೂ ಒಪ್ಪಿದರು. ಒಂದು ಮೀನಿನ ತಲೆ ಕತ್ತರಿಸಿ ಕವರಿನಲ್ಲಿ ಹಾಕಿ ಕೊಟ್ಟವರು ಅಣ್ಣನೇ.

ನಮ್ಮ ಲ್ಯಾಬಿನಲ್ಲಿ ಒಂದು ಕಟ್ಟುನಿಟ್ಟಿನ ನಿಯಮವಿತ್ತು. ಮೀನು ಎಷ್ಟು ದಪ್ಪ ಎಂದು ಗೊತ್ತಿಲ್ಲದ ಇಬ್ಬರು ಬೇರೆಬೇರೆಯಾಗಿ ಗೆರೆ ಎಣಿಸಬೇಕು. ನಾನು ಒಬ್ಬನೇ ಎಣಿಸಿದೆ. ಇಷ್ಟು ದೊಡ್ಡ ಮೀನಿಗೆ ಮೂರು ವರ್ಷವಾದರೂ ಆಗಿರಬೇಕೆಂದು ತಲೆಯಲ್ಲಿ ಮೊದಲೇ ಕೂತಿತ್ತು. ಮೂರು ಗೆರೆ ಸಿಕ್ಕವು. ಒಂದು ಗೆರೆ ಪೂರ್ತಿ ಸುತ್ತು ಬಂದಿರಲಿಲ್ಲ, ಅರ್ಧಕ್ಕೇ ಮಾಸಿಹೋಗಿತ್ತು. ನೋಡಿದೆ. ನೋಡಿಯೂ ಎಣಿಕೆಗೆ ಸೇರಿಸಿಕೊಂಡೆ.

ಮುಂದಿನ ಭಾನುವಾರ ಕಟ್ಟೆಯ ಮೇಲೆ ನಿಂತು, ಫೋಟೋ ಪ್ರಿಂಟ್ ಹಿಡಿದು, ಅರ್ಧ ಇಂಗ್ಲಿಷಿನಲ್ಲಿ ಮೂರು ವರ್ಷ ಎಂದೆ. ಅಣ್ಣ ಫೋಟೋ ಮುಟ್ಟಲೂ ಇಲ್ಲ.

"ಎರಡೇ ವರ್ಷ ಕಣಪ್ಪಾ. ಮರಿ ಬಿಟ್ಟೋನು ನಾನು. ಇನ್ನೊಂದ್ ಸಲ ನೋಡು."

"ನೋಡಕ್ಕೇನೂ ಇಲ್ಲಣ್ಣ. ಇದು ಸೈನ್ಸು, ಬಾಯ್ಮಾತಲ್ಲ."

ಯಾರೋ ನಕ್ಕರು. ಅಪ್ಪ ಹೆಗಲ ಮೇಲಿನ ಟವೆಲ್ ಸರಿ ಮಾಡಿಕೊಂಡರು. ಆ ಗಳಿಗೆಯಲ್ಲಿ ನನಗಾದ ಸಂತೋಷ ಇವತ್ತು ನೆನಪಾದರೆ ಮೈ ಹಿಡಿಯಾಗುತ್ತದೆ.

ಮೀನು ಮೇಲಿನ ಊರವರ ಪಾಲಾಯಿತು. ಬೇರೆಯವರ ಮೀನಿಗೆ ಬಲೆ ಹಾಕಿದವನು ಎಂಬ ಮಾತು ಅಣ್ಣನಿಗೆ ಅಂಟಿತು. ಮರುವರ್ಷ ಕೆರೆಯ ಗುತ್ತಿಗೆ ಇನ್ನೊಬ್ಬರ ಕೈಗೆ ಹೋಯಿತು.

ಕಟ್ಟೆಯಲ್ಲಿ ಹಾಗೆ ಹೇಳಿದ ಒಂದೂವರೆ ತಿಂಗಳಿಗೆ ನನ್ನ ಗೈಡ್ ಎಲ್ಲ ಸ್ಲೈಡುಗಳನ್ನು ಇನ್ನೊಬ್ಬ ವಿದ್ಯಾರ್ಥಿನಿಗೆ ಕೊಟ್ಟು ಎಣಿಸಲು ಹೇಳಿದರು. ಆ ಮೀನಿಗೆ ಆಕೆ ಎರಡು ಎಂದು ಬರೆದಿದ್ದಳು. ಈ ಅರ್ಧ ಗೆರೆ ಹುಸಿಗೆರೆ, ಮಧ್ಯದಲ್ಲಿ ಯಾವಾಗಲೋ ನೀರು ಏಕಾಏಕಿ ಇಳಿದಿರಬೇಕು ಎಂದರು ಗೈಡ್. ನನಗೆ ತಟ್ಟನೆ ಹೊಳೆಯಿತು. ಅಣ್ಣ ಮರಿ ಬಿಟ್ಟ ವರ್ಷ, ಕಾರ್ತಿಕ ಮಾಸದಲ್ಲಿ, ಟೊಮೆಟೊ ಒಣಗುತ್ತಿದೆಯೆಂದು ತೂಬು ಎತ್ತಿಸಿ ಕೆರೆ ಮೊಣಕಾಲುದ್ದ ನೀರಿಗೆ ಬರುವಂತೆ ಮಾಡಿದ್ದೆವು. ಕೆರೆ ಕೆಳಗಿನ ರೈತರೆಲ್ಲ, ನಮ್ಮ ಮನೆಯವರೂ ಸೇರಿ. ಕಾಲುವೆ ತಿರುಗಿಸಿ ನಮ್ಮ ಜಮೀನಿಗೆ ನೀರು ಹಾಯಿಸಿದವನು ನಾನೇ. ಅದರಲ್ಲಿ ಬಂದ ದುಡ್ಡಿನಲ್ಲೇ ನನ್ನ ಫೀಸು ಕಟ್ಟಿದ್ದು.

ಪ್ರಬಂಧದಲ್ಲಿ ಮೂರನ್ನು ಹೊಡೆದು ಎರಡು ಮಾಡಿದೆ. ಒಳ್ಳೆಯ ದರ್ಜೆ ಬಂತು. ಊರಿಗೆ ಮಾತ್ರ ಹೇಳಲಿಲ್ಲ. ಓದಿದವನು ತಪ್ಪಿದ ಎಂದರೆ ಅಪ್ಪ ಕಟ್ಟೆಯಲ್ಲಿ ಹೇಗೆ ಕೂರುತ್ತಾರೆ ಎಂದು ನೆಪ ಹೇಳಿಕೊಂಡೆ. ಅಪ್ಪನ ಹೆಸರು ಹೇಳಿ ಕಾಪಾಡಿಕೊಂಡದ್ದು ನನ್ನ ಮರ್ಯಾದೆಯನ್ನೇ. ಹಾಗೇ ಎರಡು ವರ್ಷ ಕಳೆದೆ.

ಈಗ ಮಾಲೂರಿನ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕ. ಈ ವರ್ಷ ಒಂದು ದಿನ ಕೋಲಾರದಲ್ಲಿ ಬಸ್ಸಿಗೆ ನಿಂತಿದ್ದಾಗ ಅಣ್ಣ ಸಿಕ್ಕರು. ಕೊರಳಲ್ಲಿ ಕಂಪನಿಯ ಐಡಿ ಕಾರ್ಡು. ನರಸಾಪುರದಲ್ಲಿ ಹೌಸ್‌ಕೀಪಿಂಗ್ ಕೆಲಸವಂತೆ. ಅಮ್ಮನ ಆರೋಗ್ಯ ವಿಚಾರಿಸಿದರು. ಅದಕ್ಕೆ ಉತ್ತರ ಕೊಡದೆ ಎಲ್ಲವನ್ನೂ ಹೇಳಿಬಿಟ್ಟೆ. ಅಣ್ಣ ಕಂಪನಿ ಬಸ್ಸು ಬರುವ ದಿಕ್ಕನ್ನೇ ನೋಡುತ್ತಿದ್ದರು.

"ನಂಗ್ಯಾಕ್ ಹೇಳ್ತೀಯಪ್ಪಾ? ನಂಗೆ ಆವತ್ತೇ ಗೊತ್ತಿತ್ತಲ್ಲ. ಎಲ್ ಹೇಳಿದ್ಯೋ ಅಲ್ಲೋಗಿ ಹೇಳು."

ಭಾನುವಾರ ಊರಿನ ಅರಳಿಕಟ್ಟೆಗೆ ಹೋದೆ. ಮೇಲಿನ ಊರಿನ ಇಬ್ಬರು ಹಿರಿಯರನ್ನೂ ಕರೆಸಿದ್ದೆ. ನಾನು ಅರ್ಧ ಹೇಳುವಷ್ಟರಲ್ಲಿ ಅಪ್ಪ ಎದ್ದು ಮನೆಯ ಕಡೆ ನಡೆದರು. ಒಬ್ಬ ಹಿರಿಯರು, ಒಂದೇ ಕಲ್ಲು ಒಂದು ಸಲ ಮೂರು, ಒಂದು ಸಲ ಎರಡು ಅನ್ನೋದಾದರೆ ನಿನ್ನ ಓದನ್ನು ಯಾರು ನಂಬಬೇಕು ಎಂದು ಕೇಳಿದರು.

"ಕಲ್ಲು ಎರಡೇ ಅಂದಿದ್ದು ತಾತ. ಮೂರು ಅಂದೋನು ನಾನು."

ಆಮೇಲೆ, ಮುಂದಿನ ಸಲ ಕೆರೆ ಕೊಡುವಾಗ ಮೊದಲು ಅವನನ್ನೇ ಕೇಳೋಣ ಎಂದು ತೀರ್ಮಾನವಾಯಿತು. ಆ ಸುದ್ದಿ ಹೇಳಲು ಫೋನ್ ಮಾಡಿದೆ. ಬಲೆಗಳನ್ನೆಲ್ಲ ಬಾಮೈದನಿಗೆ ಕೊಟ್ಟುಬಿಟ್ಟಿದ್ದೇನೆ, ಯೋಚನೆ ಮಾಡಬೇಕು ಎಂದರು ಅಣ್ಣ. ಶಿಫ್ಟಿಗೆ ಹೊತ್ತಾಯಿತೆಂದು ಫೋನ್ ಇಟ್ಟುಬಿಟ್ಟರು.