ಸತ್ಯವತಿಯ ನಾಲಿಗೆ

ಗುಂಡಪ್ಪನ ಮುತ್ತಜ್ಜ ಸೇತುರಾಮಯ್ಯ ತಲಕಾಡಿನಲ್ಲಿ ಯಾತ್ರಿಕರಿಗೆ ಸ್ಥಳಪುರಾಣ ಹೇಳುತ್ತಿದ್ದವನು. ಗುಡಿ ಮರಳಲ್ಲಿ ಹೂತುಹೋಗಿದ್ದರೂ ದಿಬ್ಬದ ಮೇಲೆ ನಿಂತು, ಕಾಣದ ಗರ್ಭಗುಡಿಯನ್ನು ಬರೀ ಮಾತಿನಲ್ಲಿ ಕಟ್ಟಿ ನಿಲ್ಲಿಸುತ್ತಿದ್ದ. ಕೇಳಿದವರು ಮರಳಿಗೇ ಕೈಮುಗಿದು ಹೋಗುತ್ತಿದ್ದರಂತೆ. ಅವನ ಮಗ ಶಾಮಣ್ಣ, ತುಂಬಿದ ಹೊಳೆಯ ನಡುವೆ ಹರಿಗೋಲು ಬುಗುರಿಯಂತೆ ತಿರುಗಿದಾಗ, ದಡ ಮುಟ್ಟುವ ತನಕ ಜನರನ್ನು ಕಥೆಯಲ್ಲೇ ಹಿಡಿದು ಕೂರಿಸಿದವನು. ಗುಂಡಪ್ಪನ ತಂದೆ ದ್ವಾರಕನಾಥಯ್ಯ ಶ್ರೀರಂಗಪಟ್ಟಣದ ಕೋಟೆಯ ಮುಂದೆ ನಿಂತು, ನಲವತ್ತೇ ಇಂಗ್ಲಿಷ್ ಮಾತುಗಳಲ್ಲಿ ಬಿಳಿಯರಿಗೆ ಅವರ ತಾತಂದಿರ ಯುದ್ಧವನ್ನೇ ತೋರಿಸಿದವನು. ಮೆಚ್ಚಿದ ದೊರೆಸಾನಿಯೊಬ್ಬಳು ತನ್ನ ನಾಡಿನ ಹಳೆಯ ಊರುಗಳ ಪುಸ್ತಕವೊಂದನ್ನು ಕೊಟ್ಟು ಹೋದಳು. ಗುಂಡಪ್ಪ ಇಂಗ್ಲಿಷ್ ಕಲಿತದ್ದು ಆ ಪುಸ್ತಕದಿಂದ.

ಈ ಮನೆತನಕ್ಕೊಂದು ಕಟ್ಟಳೆ ಇತ್ತು. ಊರಿನ ತುತ್ತು ತಿನ್ನದೆ ಊರಿನ ಕಥೆ ಹೇಳಬಾರದು. ಹೇಳಿದರೆ ನಾಲಿಗೆ ಸುಳ್ಳಾಗುತ್ತದೆ.

ಸಿಂಗಪುರಕ್ಕೆ ಬಂದು ಕಾಕಿ ಬುಕಿತ್‌ನ ಮುದ್ರಣಾಲಯದಲ್ಲಿ ಇಪ್ಪತ್ತೈದು ವರ್ಷ ಯಂತ್ರಗಳ ಸದ್ದು ಕೇಳಿ ನಿವೃತ್ತನಾದ ಗುಂಡಪ್ಪನಿಗೆ, ರಕ್ತದಲ್ಲಿದ್ದ ಕಸುಬು ಸುಮ್ಮನಿರಗೊಡಲಿಲ್ಲ. ಪ್ರತಿ ವರ್ಷ ಜೂನ್ ರಜೆಗೆ ಹತ್ತು ಹನ್ನೆರಡು ಕನ್ನಡದವರನ್ನು ಕಟ್ಟಿಕೊಂಡು ಇಂಗ್ಲೆಂಡಿಗೆ ಹೊರಡತೊಡಗಿದ. ಲಂಡನ್ನನ್ನು ಯಾರು ಬೇಕಾದರೂ ತೋರಿಸುತ್ತಾರೆ. ಅವನು ತೋರಿಸುತ್ತಿದ್ದದ್ದು ಕಲ್ಲುಹಾಸಿನ ಬೀದಿಗಳ ಸಣ್ಣ ಊರುಗಳನ್ನು, ಪಾಚಿ ಹಿಡಿದ ಗೋರಿಗಳನ್ನು.

ಆದರೆ ಅಲ್ಲಿಯ ತಿಂಡಿಯಲ್ಲೆಲ್ಲ ಮೊಟ್ಟೆ. ಗುಂಡಪ್ಪ ಮುಟ್ಟುವವನಲ್ಲ. ಕಟ್ಟಳೆಯೂ ಮುರಿಯಬಾರದು, ಮಡಿಯೂ ಕೆಡಬಾರದು. ದಾರಿ ಕಂಡುಹಿಡಿದವಳು ಹೆಂಡತಿ ಸತ್ಯವತಿ. "ಅರ್ಧಾಂಗಿ ಅಂತೀರಲ್ಲ, ಆ ಅರ್ಧ ತಿಂದ್ರೆ ಸಾಲದಾ?" ಎಂದಳು. ಅಂದಿನಿಂದ ಅವಳು ತಿನ್ನುವುದು, ರುಚಿಯನ್ನು ಅವನ ಕಿವಿಯಲ್ಲಿ ಹೇಳುವುದು, ಅವನು ಮೊಸರನ್ನದ ಡಬ್ಬಿ ಮುಚ್ಚಿಟ್ಟು ಎದ್ದು ನಿಂತು ಕಥೆ ತೆಗೆಯುವುದು. ಹೊಗಳಿಕೆಯೆಲ್ಲ ಅವನಿಗೆ ಬರುತ್ತಿತ್ತು. ಅವಳು ಪಕ್ಕದಲ್ಲಿ ಕೂತು ತಟ್ಟೆ ಖಾಲಿ ಮಾಡುತ್ತಿದ್ದಳು.

ಎರಡು ಸಾವಿರದ ಹದಿನಾರರ ಜೂನ್. ಡರ್ಬಿಶೈರ್ ಸೀಮೆಯ ಬೇಕ್‌ವೆಲ್ ಪಟ್ಟಣ. ಅಲ್ಲಿಯ ಸಿಹಿಕಡುಬಿಗೇ ಒಂದು ಐತಿಹ್ಯವಿದೆ: ಛತ್ರದ ಅಡುಗೆಯವಳು ಹಿಟ್ಟಿಗೆ ಬೆರೆಸಬೇಕಾದ ಮೊಟ್ಟೆ ಬಾದಾಮಿಯ ಪಾಕವನ್ನು ಮರೆತು ಹಣ್ಣಿನ ಜಾಮಿನ ಮೇಲೆ ಹೊಯ್ದಳಂತೆ, ಆ ತಪ್ಪಿನಿಂದಲೇ ಊರಿಗೆ ಹೆಸರು ಬಂತಂತೆ. ಅಂಗಡಿಯಲ್ಲಿ ನೂಕುನುಗ್ಗಲು. ತಂಡದಲ್ಲಿದ್ದ ಬ್ಯಾಂಕ್ ಉದ್ಯೋಗಿ ನಿಶ್ಚಿತಾ ಎಲ್ಲರಿಗೂ ತಿಂಡಿ ಹೊತ್ತು ತಂದಳು. ಮೇಲೆ ಬಿಳೀ ಕ್ರೀಮ್ ಮುಚ್ಚಿತ್ತು. ಸತ್ಯವತಿ ಒಂದು ಚೂರು ಬಾಯಿಗಿಟ್ಟು, "ಬಾದಾಮಿ ಹಲ್ವದ ಕೆಳಗೆ ಹಣ್ಣಿನ ಪಾಕ ಕಣ್ರೀ, ಹೋದ್ ಸಲದ ಹಾಗೇ ಇದೆ" ಎಂದಳು. ಗುಂಡಪ್ಪ ಎದ್ದು ನಿಂತು, ಆ ಬಾದಾಮಿಯನ್ನೂ ಆ ಹಣ್ಣನ್ನೂ ಕೇಳುವವರ ಬಾಯಲ್ಲಿ ನೀರೂರುವಂತೆ ವರ್ಣಿಸಿದ.

ನಿಶ್ಚಿತಾಳ ಮಗಳು ಗಾರ್ಗಿ ಕಿಸಕ್ಕನೆ ನಕ್ಕು ಸಿಂಗಪುರದ ಧಾಟಿಯಲ್ಲೇ ಅಂದಳು. "ಅಂಕಲ್, ಇದು ಲೆಮನ್ ಲಾ. ಫುಲ್ ಹುಳಿ."

"ಅಯ್ಯೋ, ಸಾರಿ ಅಂಕಲ್, ನಾನೇ ರಾಂಗ್ ಟ್ರೇ ತಂದೆ" ಎಂದಳು ನಿಶ್ಚಿತಾ. ಅಷ್ಟರಲ್ಲಿ ಹನ್ನೆರಡು ಜನರೂ ನಗುತ್ತಿದ್ದರು.

ನಾಲ್ಕು ತಲೆಮಾರಿನಲ್ಲಿ ಸುಳ್ಳಾಗದ ನಾಲಿಗೆ ಅಂದು ಸುಳ್ಳಾಗಿತ್ತು. ಗುಂಡಪ್ಪನ ಮುಖ ಕಾದ ಹೆಂಚಾಯಿತು. ಎಲ್ಲರ ಎದುರಿಗೇ ಹೆಂಡತಿಯತ್ತ ತಿರುಗಿ, "ನಿನ್ನ ಬಾಯಿ ಸತ್ತುಹೋಗಿದೆಯೇನೇ? ನಿಂಬೆಹುಳಿಗೂ ಹಲ್ವಕ್ಕೂ ವ್ಯತ್ಯಾಸ ಗೊತ್ತಾಗಲ್ವಾ?" ಎಂದ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಸತ್ಯವತಿ ಸೆರಗಿನಿಂದ ತುಟಿ ಒರೆಸಿಕೊಂಡಳು.

ಅಲ್ಲಿಂದ ಅರ್ಧ ಗಂಟೆ ದೂರ ಈಮ್ ಎಂಬ ಹಳ್ಳಿ. ಮುನ್ನೂರೈವತ್ತು ವರ್ಷದ ಹಿಂದೆ ಪ್ಲೇಗು ಬಂದಾಗ, ಬೇನೆ ಹೊರಗಿನವರಿಗೆ ಹಬ್ಬದಿರಲೆಂದು ತನಗೆ ತಾನೇ ಗಡಿ ಹಾಕಿಕೊಂಡ ಊರು. ಚರ್ಚಿನ ಅಂಗಳದ ಬೆಂಚಿನ ಮೇಲೆ ಸತ್ಯವತಿ ತಾನಾಗಿ ಬಾಯಿ ಬಿಟ್ಟಳು.

"ನೀವು ಅಂದಿದ್ದು ನಿಜ ರೀ. ಬಾಯಿ ಸತ್ತು ಮೂರು ತಿಂಗಳಾಯ್ತು. ವಾಸನೆನೂ ಇಲ್ಲ, ರುಚಿನೂ ಇಲ್ಲ. ಸಾರಿಗೆ ಉಪ್ಪು ಹಾಕೋದೂ ಬರೀ ಕೈ ಅಂದಾಜು."

"ಹೇಳೋಕೇನಾಗಿತ್ತು ನಿನಗೆ?"

"ಹೇಳಿದ್ರೆ ಡಾಕ್ಟರು, ಸ್ಕ್ಯಾನು ಅಂತ ಟೂರ್ ಕ್ಯಾನ್ಸಲ್ ಮಾಡ್ತಿದ್ರಿ. ವರ್ಷವೆಲ್ಲ ಇದೊಂದಕ್ಕೇ ಕಾಯ್ತೀರಲ್ಲ."

ತಂಡ ಸುತ್ತ ನೆರೆಯಿತು. ಆ ಊರಿನ ಹುಡುಗಿಯೊಬ್ಬಳು ದಿನವೂ ಗಡಿಯ ಈಚೆ ನಿಂತು, ಆಚೆ ನಿಂತ ನಲ್ಲನನ್ನು ದೂರದಿಂದಲೇ ನೋಡಿ ಹೋಗುತ್ತಿದ್ದ ಕಥೆಯನ್ನು ಗುಂಡಪ್ಪ ಶುರುಮಾಡಿದ. ಒಂದು ದಿನ ಅವಳು ಬರಲಿಲ್ಲ. ಹುಡುಗ ಮಾತ್ರ ಬಂದು ನಿಲ್ಲುತ್ತಲೇ ಇದ್ದ, ಎನ್ನುವಲ್ಲಿಗೆ ಬಂದವನು ಕಥೆಯನ್ನು ಅಲ್ಲಿಗೇ ಬಿಟ್ಟು ಸತ್ಯವತಿಯ ಪಕ್ಕ ಬೆಂಚಿನ ಮೇಲೆ ಕೂತುಬಿಟ್ಟ.

ಸಿಂಗಪುರಕ್ಕೆ ಮರಳಿದ ವಾರದಲ್ಲೇ ಸತ್ಯವತಿಯ ತಲೆಯೊಳಗಿನ ಗಡ್ಡೆ ತಿಳಿಯಿತು. ಇನ್ನೂ ಮೊದಲೇ ಬಂದಿದ್ದರೆ, ಎಂದು ಡಾಕ್ಟರು ಅರ್ಧಕ್ಕೆ ನಿಲ್ಲಿಸಿದರು. ಕೊನೆಯ ದಿನಗಳಲ್ಲಿ ಗುಂಡಪ್ಪನೇ ಗಂಜಿ ಕಾಯಿಸಿ ಕುಡಿಸುತ್ತಿದ್ದ. ಅದು ಹೇಗಿದೆಯೆಂದು ಅವನು ಕೇಳಲಿಲ್ಲ, ಅವಳು ಹೇಳಲಿಲ್ಲ. ದೀಪಾವಳಿಗೆ ಮೂರು ದಿನವಿರುವಾಗ ಹೋಗಿಬಿಟ್ಟಳು.

ಮರುವರ್ಷ ಮಾರ್ಚಿನಲ್ಲಿ, ಟೋವಾ ಪಾಯೋದ ಅವನ ಬ್ಲಾಕಿನ ಕೆಳಗಿನ ತೆರೆದ ಪಡಸಾಲೆಯಾದ ವಾಯ್ಡ್ ಡೆಕ್‌ಗೆ ನಿಶ್ಚಿತಾ ಹುಡುಕಿಕೊಂಡು ಬಂದಳು. ಅವನು ಕಲ್ಲು ಮೇಜಿನ ಮುಂದೆ ಒಬ್ಬನೇ ಕೂತಿದ್ದ.

"ಅಂಕಲ್, ಈ ಸಲ ಹದಿನಾಲ್ಕು ಜನ ರೆಡಿ ಇದೀವಿ. ಬುಕ್ ಮಾಡೋದು, ಲಗೇಜು, ಎಲ್ಲ ನಾನು ನೋಡ್ಕೋತೀನಿ. ಆಂಟಿ ಮಾಡ್ತಿದ್ದ ಕೆಲಸಾನೂ ಅಷ್ಟೇ. ನಾನು ತಿಂದು ನಿಮ್ಮ ಕಿವೀಲಿ ಹೇಳ್ತೀನಿ. ನೀವು ಕಥೆ ಹೇಳಿದ್ರೆ ಸಾಕು. ಇಲ್ಲಿ ಹೀಗೆ ಕೂತ್ರೆ ಕರಗಿ ಹೋಗ್ತೀರಿ."

ಗುಂಡಪ್ಪ ಕಲ್ಲು ಮೇಜನ್ನು ಅಂಗೈಯಿಂದ ಸವರಿದ.

"ಬೇಡ ತಾಯಿ. ನಿನ್ನ ಮನಸ್ಸು ದೊಡ್ಡದು, ಆದ್ರೂ ಬೇಡ. ನನ್ನ ಕಥೆ ನಿಲ್ಲಬಾರ್ದು ಅಂತ ಅವಳು ಮೂರು ತಿಂಗಳು ಮಣ್ಣು ತಿಂದ ಹಾಗೆ ಅನ್ನ ತಿಂದ್ಲು. ನಾನು ಒಂದು ದಿನ ಅವಳ ಮುಖ ನೋಡಿ, ಯಾಕೆ ಸಪ್ಪಗಿದೀಯಾ ಅಂತ ಕೇಳ್ಲಿಲ್ಲ. ಕಥೆ ಹೇಳಿದ್ದು ಆ ನಾಲಿಗೆ ಕಣಮ್ಮಾ, ನಂದಲ್ಲ. ನೀವು ಹೋಗಿ ಬನ್ನಿ, ಆ ಕಡುಬು ತಿನ್ನಿ. ಆದ್ರೆ ಬಂದ್ಮೇಲೆ ಅದು ಸಿಹಿಯಾಗಿತ್ತೋ ಹುಳಿಯಾಗಿತ್ತೋ, ನನಗೆ ಮಾತ್ರ ಹೇಳ್ಬೇಡ."