ಉಂಡ ಮೇಲೆ ಹೇಳುವ ಸುದ್ದಿ

ಹುಬ್ಬಳ್ಳಿಯಲ್ಲಿ ಪ್ರೋಗ್ರಾಮರ್ ಕೆಲಸ ಹುಡುಕುವಾಗ ನನಗೆ ಸಿಕ್ಕವರು ಸವಣೂರಿನ ಒಬ್ಬ ರಿಕ್ರೂಟರ್ ಅಕ್ಕ. ಅವರ ಫೋನು ಶುರುವಾಗುತ್ತಿದ್ದುದೇ "ಊಟ ಆತೇನ್ರಿ?" ಎಂದು. ಆಗಿಲ್ಲವೆಂದರೆ "ಉಂಡು ಫೋನ್ ಮಾಡ್ರಿ" ಎಂದು ಇಟ್ಟೇಬಿಡುತ್ತಿದ್ದರು. ಹಸಿದವರಿಗೆ ಕೆಲಸ ಆಗಲಿಲ್ಲ ಎನ್ನಬಾರದೆಂಬುದು ಅವರ ನೇಮ. ಮೂಗಿನಲ್ಲಿ ಎಳೆಯುವ ಆ ದನಿಯನ್ನು ಅಣಕಿಸಿ ಶಿಗ್ಗಾಂವಿಯ ಗೆಳೆಯರನ್ನೆಲ್ಲ ನಗಿಸಿದ್ದೆ. ಕೆಲಸ ಮಾತ್ರ ಸಿಕ್ಕಿರಲಿಲ್ಲ.

ಇಂಟರ್‌ವ್ಯೂ ಕೊಟ್ಟಿದ್ದ ಕೊನೆಯ ಕಂಪನಿಯ ಸುದ್ದಿ ಬರುವ ದಿನ ತಡೆಯಲಾಗದೆ, ಹಸಿದ ಹೊಟ್ಟೆಯಲ್ಲೇ "ಆತ್ರೀ ಅಕ್ಕಾರ" ಎಂದೆ.

"ಏನ್ ಉಂಡ್ರಿ?"

"ರೊಟ್ಟಿ... ಅಲ್ರಿ, ಅನ್ನ..."

"ಇಂಟರ್‌ವ್ಯೂದಾಗೂ ಹಿಂಗ ತಡವರಿಸಿದ್ರಂತ."

"ಹಂಗಾರ ಇದೂ ಹೋತೇನ್ರಿ?" ಎಂದೆ.

"ಆಮ್ಯಾಲೆ ಉತ್ತರ ಗೊತ್ತಿಲ್ಲ ಅಂತ ಖರೇ ಹೇಳಿದ್ರಂತ. ಅದಕ್ಕ ನಿಮ್ಮನ್ನ ತಗೊಂಡಾರ," ಎಂದರು ಅಕ್ಕ. "ಅವರಿಗೆ ಖರೇ ಹೇಳ್ತೀರಿ, ನನಗ್ಯಾಕ್ರಿ ಸುಳ್ಳು?"